ಬುದ್ಧನ ಎದುರು ಎತ್ತಿ ಕಟ್ಟಿದ ಲುಂಗಿ

ನಾನು ದುಬೈಯ ಒಂದು ಕಟ್ಟಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ ಇಲ್ಲದವನನ್ನು, ಬೂಟು ಹಾಕದವನನ್ನು ಸೈಟಿನ ಗೇಟಿನಿಂದಲೇ ವಾಪಸ್ ಕಳಿಸುವುದು ನನ್ನ ಉದ್ಯೋಗ. ಸಿಟ್ಟೇ ನನ್ನ ಬಂಡವಾಳ. ಯಾವ ಜಾಗಕ್ಕೆ ಯಾವ ಬಟ್ಟೆ ಹಾಕಬೇಕೆಂದು ನನಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಹುಟ್ಟಿದ್ದರು. ಥಾಯ್ಲೆಂಡಿನಲ್ಲಿ ಹುಟ್ಟಿದ್ದರು!

ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಫ್ರಿಜ್ಜಿನ ಮೇಲೆ ಒಂದು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವಿತ್ತು. ಮರದ ಬೇರುಗಳ ನಡುವೆ ಸಿಕ್ಕಿಕೊಂಡು, ಕಣ್ಣು ಮುಚ್ಚಿ ನಗುವ ಕಲ್ಲಿನ ಬುದ್ಧನ ಮುಖ. ಅದನ್ನು ಅಂಟಿಸಿದವಳು ನನ್ನ ಹೆಂಡತಿ ಸುಮತಿ. ನಮ್ಮ ರಜೆಗಳೆಲ್ಲ ಊರಿನ ಮದುವೆ, ಗೃಹಪ್ರವೇಶಗಳಿಗೆ ಹೋಗುತ್ತಿದ್ದವು. ಆ ವರ್ಷ ಈದ್ ರಜೆ ಬಂದಾಗ ಅವಳು ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು:

"ನನಗೆ ಚಿನ್ನ ಬೇಡ, ಸೀರೆ ಬೇಡ. ಆ ಮುಖದ ಎದುರು ನಾವು ಮೂವರೂ ಕೂತದ್ದು ಒಂದು ಫೋಟೋ ಬೇಕು. ಅಷ್ಟೇ."

ಇಷ್ಟು ವರ್ಷಗಳಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಧಾರಾಳವಾಗಿ ಒಪ್ಪಿದೆ. ಫೋಟೋ ತಾನೇ? ಕೂರುವುದು, ನಗುವುದು. ಅದರಲ್ಲೇನು ಕಷ್ಟ!

ಬ್ಯಾಂಕಾಕಿನಲ್ಲಿ ಒಂದು ದಿನದ ಪ್ರವಾಸ ಗೊತ್ತು ಮಾಡಿದೆವು. ಎರಡು ಸಂತೆ, ಆಮೇಲೆ ಆ ಮುಖ ಇರುವ ಅಯುತ್ಥಯದ ಪುರಾತನ ದೇವಾಲಯಗಳು. ಬೆಳಿಗ್ಗೆ ನಾನು ಚಡ್ಡಿ ಹಾಕಿಕೊಂಡು ಹೊರಟಿದ್ದು ಕಂಡು ಸುಮತಿ ಬಾಗಿಲಲ್ಲೇ ನಿಂತಳು.

"ಎಂತ ಮಾರಾಯ್ರೆ ಇದು? ದೇವಸ್ಥಾನಕ್ಕೆ ಹೋಗ್ಲಿಕ್ಕುಂಟು. ಒಂದು ಪ್ಯಾಂಟ್ ಹಾಕಿದ್ರೆ ಎಂತ ಆಗ್ತದೆ ನಿಮಗೆ?"

"ವರ್ಷಪೂರ್ತಿ ಬೂಟು, ಕವರಾಲ್ ಹಾಕಿ ಬೆಂದಿದ್ದೇನೆ. ರಜೆಯಲ್ಲಾದರೂ ನನ್ನ ಕಾಲಿಗೆ ಗಾಳಿ ಬೇಡವಾ?" ಎಂದು ಗುಡುಗಿದೆ. ನಮ್ಮ ಮಗಳು ಅನುಷಾ ನನ್ನ ಮೊಣಕಾಲು ನೋಡಿ, "ಓ ಗಾಡ್, ಪಪ್ಪಾ" ಎಂದಳು. ಅಷ್ಟಕ್ಕೇ ನನ್ನ ರಕ್ತ ಕುದಿಯಲು ಶುರುವಾಯಿತು.

ಮೊದಲ ಸಂತೆ ಇದ್ದದ್ದು ರೈಲು ಹಳಿಯ ಮೇಲೆ! ಹಳಿಯ ಮೇಲೆಯೇ ಸೊಪ್ಪು, ಹಳಿಯ ಮೇಲೆಯೇ ಮೀನು. ಸುಮತಿ, "ಥೇಟ್ ನಮ್ಮ ದುಬೈಯ ದೇರಾ ಮೀನು ಮಾರ್ಕೆಟಿನ ವಾಸನೆ" ಎಂದು ಖುಷಿಪಟ್ಟಳು. ಅಷ್ಟರಲ್ಲಿ ರೈಲಿನ ಕೂಗು ಕೇಳಿಸಿತು. ನನ್ನೊಳಗಿನ ಸೇಫ್ಟಿ ಆಫೀಸರ್ ಎಚ್ಚೆತ್ತ. ಎರಡೂ ಕೈ ಚಾಚಿ, "ಯಲ್ಲಾ! ಯಲ್ಲಾ! ಹಿಂದೆ ಹೋಗಿ!" ಎಂದು ಬೊಬ್ಬೆ ಹೊಡೆದೆ. ಅಂಗಡಿಯ ಹೆಂಗಸರು ಯಾವ ಅವಸರವೂ ಇಲ್ಲದೆ ಬುಟ್ಟಿ ಎಳೆದುಕೊಂಡರು, ಟಾರ್ಪಾಲು ಮಡಚಿದರು. ರೈಲು ಆಮೆಯಂತೆ ತೆವಳಿಕೊಂಡು ಬಂತು. ಇಡೀ ಸಂತೆಯಲ್ಲಿ ಅದಕ್ಕೆ ಅಡ್ಡವಾಗಿ ನಿಂತಿದ್ದವನು ಒಬ್ಬನೇ. ಒಬ್ಬ ಅಜ್ಜಿ ನನ್ನ ಅಂಗಿ ಹಿಡಿದು ಈಚೆಗೆ ಎಳೆದಳು.

ಎರಡನೆಯದು ದೋಣಿಗಳ ಸಂತೆ. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತುವುದಿಲ್ಲ ಎಂದು ಹಟ ಹಿಡಿದೆ. ಹುಡುಕಿ ತಂದರು. ಸಿಕ್ಕಿದ್ದು ಮಕ್ಕಳ ಅಳತೆಯದು. ಅಷ್ಟು ಕೂಗಾಡಿದ ಮೇಲೆ ಬೇಡ ಎನ್ನುವುದು ಹೇಗೆ? ಹಾಕಿಕೊಂಡೆ. ಎದುರಿನ ದೋಣಿಗಳವರು ಮಾವಿನ ಹಣ್ಣಿನ ಫೋಟೋ ಬಿಟ್ಟು ನನ್ನ ಫೋಟೋ ತೆಗೆದರು.

ಅಲ್ಲಿ ನಮ್ಮ ಗೈಡ್ ನೋಯ್ ಎಂಬ ಹೆಂಗಸು ನನ್ನ ಮೊಣಕಾಲುಗಳನ್ನು ತೋರಿಸಿ, ಇವಕ್ಕೆ ದೇವಾಲಯದಲ್ಲಿ ಪ್ರವೇಶವಿಲ್ಲ ಎಂದು ನಗುನಗುತ್ತಲೇ ತಿಳಿಸಿದಳು. ಆನೆಯ ಚಿತ್ರಗಳಿದ್ದ ಒಂದು ದೊಗಳೆ ಪೈಜಾಮ ಕೊಳ್ಳಬಹುದು ಎಂದೂ ಸಲಹೆ ಕೊಟ್ಟಳು. ಆನೆ! ಸೇಫ್ಟಿ ಆಫೀಸರನ ತೊಡೆಯ ಮೇಲೆ! ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ಚೌಕಳಿ ಬಟ್ಟೆ ನೇತಾಡುತ್ತಿತ್ತು. ಸಾಕ್ಷಾತ್ ನಮ್ಮ ಕರಾವಳಿಯ ಲುಂಗಿ! ಕೊಂಡು ಚಡ್ಡಿಯ ಮೇಲೆ ಸುತ್ತಿಕೊಂಡೆ. ನೋಯ್ ಗಂಟು ಹಾಕಲು ಕಲಿಸಲು ಬಂದಳು.

"ಲುಂಗಿ ಉಡ್ಲಿಕ್ಕೆ ನನಗೆ ಕಲಿಸ್ತಾಳಂತೆ! ಉಡುಪಿಯವನಿಗೆ!" ಎಂದೆ ಸುಮತಿಗೆ.

"ಉಡ್ಲಿಕ್ಕೆ ಬರ್ತದೆ. ಇಳಿಸಿ ಇಟ್ಕೊಳ್ಳಿಕ್ಕೆ ಬರ್ತದಾ?" ಎಂದಳು ಅವಳು. ಆಗ ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಅಯುತ್ಥಯದಲ್ಲಿ. ಮುರಿದ ಗೋಪುರಗಳು, ಕಾದ ಇಟ್ಟಿಗೆ, ನೆತ್ತಿಯ ಮೇಲೆ ಸೂರ್ಯ. ಒಳಗೆ ಕಾಲಿಟ್ಟು ಸ್ವಲ್ಪ ದೂರ ನಡೆದಿದ್ದೆ. ಪೀಂ ಎಂದು ಶಿಳ್ಳೆ ಊದಿದ್ದು ಕೇಳಿಸಿತು. ಯಾರೋ ನಿಯಮ ಮುರಿದಿದ್ದಾರೆ, ಸರಿಯಾಗಿ ಬೈಯಲಿ ಎಂದುಕೊಂಡು ತಿರುಗಿದೆ. ಕಾವಲುಗಾರ ನನ್ನ ಕಡೆಗೇ ಕೈ ತೋರಿಸುತ್ತಿದ್ದ. ಕೆಳಗೆ ನೋಡಿಕೊಂಡರೆ ಲುಂಗಿ ಮೊಣಕಾಲಿನ ಮೇಲಕ್ಕೆ ಬಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದೆ!

ನಾನು ಕಟ್ಟಿದ್ದಲ್ಲ. ನನ್ನ ಕೈ ಕಟ್ಟಿದ್ದು. ಸೆಕೆ ಆದರೆ ಎತ್ತಿ ಕಟ್ಟು, ಮೆಟ್ಟಿಲು ಬಂದರೆ ಎತ್ತಿ ಕಟ್ಟು, ಮಾತು ಬಿಸಿಯಾದರೆ ಎತ್ತಿ ಕಟ್ಟು ಎಂದು ಚಿಕ್ಕಂದಿನಿಂದ ಕಲಿತ ಕೈ. ಇಳಿಸಿದೆ. ಮೆಟ್ಟಿಲು ಬಂತು. ಮತ್ತೆ ಶಿಳ್ಳೆ. ಇಳಿಸಿದೆ. ಶಿಳ್ಳೆಯವನ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಕೈ ಮತ್ತೆ ಕೆಳಗೆ ಹೋಯಿತು.

"ಪಪ್ಪಾ, ಯು ಆರ್ ಡೂಯಿಂಗ್ ಇಟ್ ಅಗೇನ್!" ಎಂದು ಅನುಷಾ ಚೀರಿದಳು.

"ಊರಲ್ಲಿ ದೊಡ್ಡ ಮಾವ ಎದುರು ಬಂದ್ರೆ ಕೂಡ್ಲೇ ಇಳಿಸ್ತೀರಿ. ಬುದ್ಧನ ಎದುರು ಎತ್ತುದಾ?" ಎಂದಳು ಸುಮತಿ. "ಅಲ್ಲಿಯವರೆಗೆ ಒಂದು ಸುಮ್ಮನೆ ಬನ್ನಿ. ನಿಮ್ಮ ದಮ್ಮಯ್ಯ."

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೈದಿಯಂತೆ ನಡೆದೆ. ಕೊನೆಗೂ ಬಂತು, ಬೇರುಗಳ ನಡುವಿನ ಆ ಮುಖ. ಸುಮತಿ ಅಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ತುಂಬಿತ್ತು. ಅಲ್ಲಿ ಬುದ್ಧನ ತಲೆಗಿಂತ ನಮ್ಮ ತಲೆ ಮೇಲಿರಬಾರದಂತೆ. ನೆಲದ ಮೇಲೆ ಕೂತೇ ಫೋಟೋ ತೆಗೆಸಿಕೊಳ್ಳಬೇಕು. ಸುಮತಿ ಕೂತಳು. ಅನುಷಾ ಕೂತಳು. ನೋಯ್ ಕ್ಯಾಮೆರಾ ಹಿಡಿದಳು. ನಾನೂ ಕುಕ್ಕರಗಾಲಲ್ಲಿ ಕೂರಲು ಬಗ್ಗಿದೆ.

ಲುಂಗಿ ಉಟ್ಟ ನಮ್ಮೂರಿನ ಯಾವ ಗಂಡಸಾದರೂ ಅದನ್ನು ಎತ್ತದೆ ಕುಕ್ಕರಗಾಲಲ್ಲಿ ಕೂತದ್ದುಂಟೇ?

ಪೀಂ!

ಈ ಸಲ ಕಾವಲುಗಾರ ಹತ್ತಿರವೇ ಬಂದ. ಜಾಗದ ಸುತ್ತ ಕಟ್ಟಿದ್ದ ಹಗ್ಗದ ಆಚೆ ಬೆರಳು ತೋರಿಸಿದ. ಥೇಟ್ ನಾನು ಸೈಟಿನಲ್ಲಿ ತೋರಿಸುವ ಹಾಗೆಯೇ! ನಾನು ಕನ್ನಡ, ಹಿಂದಿ, ಅರಬ್ಬಿ ಸೇರಿಸಿ ಕೂಗಾಡಿದೆ. ಅವನು ನಗುತ್ತ ಕೈಮುಗಿದ. ಖಲಾಸ್! ಕೈಮುಗಿದವನ ಹತ್ತಿರ ಜಗಳವಾಡುವುದು ಹೇಗೆ? ಹಗ್ಗ ದಾಟಿದೆ. ನಮ್ಮ ಹಿಂದೆ ಸಾಲಾಗಿ ಜನ ಕಾಯುತ್ತಿದ್ದುದರಿಂದ ಸುಮತಿ ನನ್ನನ್ನು ಬಿಟ್ಟೇ ಮಗಳ ಹೆಗಲ ಮೇಲೆ ಕೈ ಹಾಕಿ ಕ್ಯಾಮೆರಾ ಕಡೆ ನೋಡಿದಳು. ಪಕ್ಕದಲ್ಲಿ ನನ್ನಷ್ಟೇ ಅಗಲದ ಜಾಗ ಖಾಲಿ ಇತ್ತು. ವಾಪಸ್ ಬರುವಾಗ ವ್ಯಾನಿನಲ್ಲಿ ಅವಳು ಆ ಫೋಟೋವನ್ನೇ ನೋಡುತ್ತ ಕೂತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೆಯೇ ಬಂದಷ್ಟು ಸಿಟ್ಟು ಆ ಕಾವಲುಗಾರನ ಮೇಲೂ ಬಂದಿರಲಿಲ್ಲ.

ಆ ಫೋಟೋ ಈಗ ನಮ್ಮ ಹಾಲ್‌ನ ಗೋಡೆಯ ಮೇಲಿದೆ, ದೊಡ್ಡ ಫ್ರೇಮು ಹಾಕಿಸಿ. ಅಮ್ಮ, ಮಗಳು, ಬುದ್ಧ. ಮೂಲೆಯಲ್ಲಿ, ಹಗ್ಗದ ಆಚೆ, ಮಸುಕು ಮಸುಕಾಗಿ, ಬಾಯಿ ತೆರೆದು ಕೈಯೆತ್ತಿ ನಿಂತ ಒಬ್ಬ ಗಂಡಸು. ಮೊನ್ನೆ ಊಟಕ್ಕೆ ಬಂದ ಪಕ್ಕದ ಫ್ಲ್ಯಾಟಿನ ಲೀನಾ ಬಾಯಿ ಅದನ್ನೇ ದಿಟ್ಟಿಸಿ ನೋಡಿ ಕೇಳಿದರು:

"ಮೂಲೆಯಲ್ಲಿ ಇದು ಯಾರು? ನಮ್ಮ ಕಡೆಯವರ ಹಾಗೆ ಕಾಣ್ತಾರೆ."

"ಅದಾ?" ಸುಮತಿ ಸಾರು ಬಡಿಸುತ್ತ ಹೇಳಿದಳು. "ದೇವಸ್ಥಾನ ಅಂದ ಮೇಲೆ ದ್ವಾರಪಾಲಕ ಬೇಡ್ವಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದಕ್ಕೆ ಒಂದು ಉತ್ತರ ಕೊಡಲೇಬೇಕೆಂದು ಎದ್ದು ನಿಂತು, ಉಟ್ಟಿದ್ದ ಅದೇ ಚೌಕಳಿ ಲುಂಗಿಯನ್ನು ಎತ್ತಿ ಕಟ್ಟಿದೆ.

ಒಳಕೋಣೆಯಿಂದ ಅನುಷಾ ಶಿಳ್ಳೆ ಹೊಡೆದಳು.

ಇಳಿಸಿದೆ.