ಮನೆಯ ಏಕೈಕ ಮೂಗಿಗೆ, ಮೂರನೇ ಬಾಟಲಿಯ ವಿಷಯವಾಗಿ

ನನ್ನ ಗಂಡನ ಮುಖದ ನಟ್ಟನಡುವೆ, ಮೀಸೆಯ ಮೇಲ್ಮಹಡಿಯಲ್ಲಿ ವಾಸವಾಗಿರುವ ಮಾನ್ಯ ಮೂಗಿನವರೇ,

ತಮ್ಮ ಎರಡೂ ಹೊಳ್ಳೆಗಳಿಗೆ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ನೆಗಡಿ, ಧೂಳು, ಸೀನು ಯಾವುದರ ಕಾಟವೂ ಇಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರವನ್ನು ಬಾಟಲಿಗಳ ಕಪಾಟಿನ ಗಾಜಿಗೆ ಅಂಟಿಸುತ್ತಿದ್ದೇನೆ. ಕಿವಿಯವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ತಾವಾದರೋ ದಿನಾ ತಪ್ಪದೆ ಕಪಾಟಿನ ಬಳಿಗೆ ಬರುತ್ತೀರಿ, ಬರುವಾಗ ಕಣ್ಣಿನವರನ್ನೂ ಕರೆತರುತ್ತೀರಿ.

ಮೊದಲು ಮೊನ್ನೆ ಬಿದ್ದ ಕೆಟ್ಟ ಕನಸನ್ನು ನಿವೇದಿಸಿಕೊಳ್ಳುತ್ತೇನೆ. ಒಂದು ಕಂಕುಳಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಗ್ಯಾಸ್ ಸಿಲಿಂಡರು ಹಿಡಿದು ನಾನೊಂದು ದೊಡ್ಡ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಸಿಲಿಂಡರು ಸುಯ್ಯೆನ್ನುತ್ತಿತ್ತು, ಮುಂದಿನವರು ಒಬ್ಬರೂ ಜಾಗ ಬಿಡಲೊಲ್ಲರು, ಕೊನೆಗೆ ನನ್ನ ಸರದಿ ಬಂದಾಗ ಕಿಟಕಿಯ ಮೇಲೆ ಬೋರ್ಡು ಕಂಡಿತು: ‘ಅಡುಗೆಮನೆಯ ವಾಸನೆಗಳನ್ನು ಇಲ್ಲಿ ಸ್ವೀಕರಿಸುವುದಿಲ್ಲ.’ ಅದು ತಮ್ಮ ಕಚೇರಿಯೇ. ಬೆಚ್ಚಿ ಎದ್ದು ಹೋಗಿ ಒಲೆಯ ಗುಂಡಿಗಳನ್ನು ಮುಟ್ಟಿ ನೋಡಿ ಬಂದೆ, ಮಲಗಿದೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋದೆ. ತಾವು ಆಗ ಗೊರಕೆಯ ಕೆಲಸದಲ್ಲಿದ್ದಿರಿ, ತೊಂದರೆ ಕೊಡಲಿಲ್ಲ.

ನನ್ನ ಪರಿಚಯ ತಮಗೆ ಮರೆತಿರಬಹುದು. ಚಿಕ್ಕವಳಿದ್ದಾಗ ಬಂದ ದೊಡ್ಡ ಜ್ವರ ಹೋಗುವಾಗ ಬರಿಗೈಲಿ ಹೋಗದೆ, ನನಗೆ ವಾಸನೆ ತಿಳಿಯುವ ಶಕ್ತಿಯನ್ನೂ ಮುಂದಿನ ಶಾಲೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಪತ್ರ ಬರೆಯುವ ಪಾಠ ಮುಂದಿನ ಕ್ಲಾಸಿನಲ್ಲಿತ್ತಂತೆ, ಹಾಗಾಗಿ ಇಲ್ಲಿ ಏನಾದರೂ ತಪ್ಪಿದ್ದರೆ ಆ ಜ್ವರವನ್ನೇ ಕೇಳಬೇಕು. ಅತ್ತೆಯವರ ಮೂಗು ಬಹಳ ವರ್ಷ ನಶ್ಯದ ಸೇವೆ ಮಾಡಿ ಈಗ ನಿವೃತ್ತವಾಗಿದೆ. ಎಂದರೆ ಈ ಮನೆಯಲ್ಲಿ ಮೂಗುಗಳು ಮೂರಿದ್ದರೂ ದುಡಿಯುವ ಮೂಗು ತಾವೊಬ್ಬರೇ. ಮದುವೆಯಾದ ದಿನದಿಂದ ಹಾಲು ಹುಳಿಯಾಗಿದೆಯೇ, ಗ್ಯಾಸು ಸೋರುತ್ತಿದೆಯೇ, ನಾನು ಹೊಲಿದ ಬಟ್ಟೆ ಇಸ್ತ್ರಿಯ ಕೆಳಗೆ ಸೀಯುತ್ತಿದೆಯೇ ಎಂದು ನೋಡಿದವರು ತಾವು. ಮಲಗುವ ಮೊದಲು ಒಲೆಯ ಹತ್ತಿರ ಹೋಗಿ ಒಮ್ಮೆ ಉಸಿರೆಳೆದು, ತಮ್ಮ ಕೆಳಗಿನ ಮನೆಯ ಬಾಯಿಯವರ ಮೂಲಕ ‘ಏನಿಲ್ಲ, ಮಲಗು’ ಎಂದು ಹೇಳಿಸುತ್ತಿದ್ದಿರಿ. ಭಯದ ಪ್ರಾಣಿ ನಾನು. ಆ ಎರಡು ಮಾತು ನನಗೆ ನಿದ್ದೆಯ ಮಾತ್ರೆಯಂತಿತ್ತು.

ಆಮೇಲೆ ಬೋರ್ಬನ್ ಬಂತು. ತಮ್ಮ ಒಡೆಯರ ಗೆಳೆಯ ಹಲ್ಲಿನ ಡಾಕ್ಟರು ಒಂದು ಸಂಜೆ ಬಂದು, ‘ತರತರದ ಬೋರ್ಬನ್ ಇಟ್ಟುಕೊಂಡು ಹೋಲಿಸಿ ನೋಡೋದು ಅಂತ ಒಂದು ಹವ್ಯಾಸ ಶುರು ಮಾಡೋಣ’ ಎಂದಾಗ ನಾನು ಬಿಸ್ಕತ್ತೆಂದು ತಿಳಿದು ಚಹಾ ಬೇರೆ ಮಾಡಿಕೊಟ್ಟೆ. ಇದು ಮುಸುಕಿನ ಜೋಳದಿಂದ ಮಾಡಿದ ವಿಸ್ಕಿಯೆಂದೂ, ಓಕ್ ಮರದ ಹೊಸ ಪೀಪಾಯಿಯ ಒಳಮೈಯನ್ನು ಬೇಕೆಂದೇ ಬೆಂಕಿ ಹಚ್ಚಿ ಸುಟ್ಟು ಅದರಲ್ಲಿ ವರ್ಷಗಟ್ಟಲೆ ಕೂರಿಸುತ್ತಾರೆಂದೂ, ಹಾಗಾಗಿ ಇದರಲ್ಲಿ ಸುಟ್ಟ ವಾಸನೆ ಬಂದರೆ ಅದು ದೋಷವಲ್ಲ, ಗುಣ ಎಂದೂ ನಿಧಾನವಾಗಿ ತಿಳಿಯಿತು. ಹೆಸರು ನೋಡಿ ಮೋಸಹೋಗಬಾರದೆಂದು ಬಾಟಲಿಗಳಿಗೆ ಬಟ್ಟೆಯ ಚೀಲ ಹೊಲಿದು, ಮೇಲೆ ಒಂದು, ಎರಡು, ಮೂರು ಎಂದು ದಾರದಲ್ಲಿ ಅಂಕಿ ಹಾಕಿಕೊಟ್ಟವಳು ನಾನೇ. ಅಂಕಿಗಳು ಅಂದವಾಗಿವೆ ಎಂದು, ಇವರ ಜೊತೆ ಸೇರಿಕೊಂಡ ಡ್ರೈವಿಂಗ್ ಸ್ಕೂಲಿನ ಮಾಸ್ತರು ಹೇಳಿದ್ದನ್ನು ಬಿಟ್ಟರೆ, ಈ ಹವ್ಯಾಸದಿಂದ ನನಗೆ ಸಿಕ್ಕ ಲಾಭ ಇನ್ನೊಂದಿಲ್ಲ.

ಅಂದಿನಿಂದ ತಮಗೆ ಬಂದ ಪದೋನ್ನತಿಯನ್ನು ಹೇಗೆ ಹೊಗಳಲಿ. ತಮ್ಮ ಒಡೆಯರು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವರು, ಬರೀ ಬಿಳಿಯನ್ನೇ ‘ಮುತ್ತಿನ ಮುಂಜಾವು’, ‘ಹಂಸದ ಗರಿ’ ಎಂದು ಕರೆದು ಮಾರುವ ಬಾಯಿ ಅವರದು. ತಾವು ಮೂಸಿದ್ದಕ್ಕೆಲ್ಲ ಆ ಬಾಯಿ ಹೆಸರಿಡುತ್ತದೆ. ಮೊಗ್ಗಿನಾಕಾರದ ಲೋಟಕ್ಕೆ ತಾವು ತಲೆ ಹಾಕಿದರೆ ವೆನಿಲಾ ಸಿಗುತ್ತದೆ, ಸುಟ್ಟ ಸಕ್ಕರೆ ಸಿಗುತ್ತದೆ, ಹಳೇ ಗ್ರಂಥಾಲಯ ಸಿಗುತ್ತದೆ, ಒಮ್ಮೆಯಂತೂ ‘ನಮ್ಮ ತಾತನ ಕುದುರೆಯ ಜೀನು’ ಕೂಡ ಸಿಕ್ಕಿತು. ‘ನಿಮ್ಮ ತಾತ ಬಾಡಿಗೆ ಸೈಕಲ್ ಹತ್ತೋಕೂ ಹೆದರ್ತಿದ್ರು ಕಣೋ’ ಎಂದು ಅತ್ತೆ ಒಳಗಿನಿಂದ ಕೂಗಿದ್ದು ತಮಗೆ ಕೇಳಿಸಲಿಲ್ಲ, ಅದು ತಮ್ಮ ಇಲಾಖೆಯೂ ಅಲ್ಲ. ಅದೇ ವಾರ ಅತ್ತೆ ಹುಳಿ ಹಾಲು ಕುಡಿದು ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವವರು ಎನ್ನಲಿ, ನಾನಂತೂ ಅನ್ನುವುದಿಲ್ಲ.

ತಮ್ಮ ಏಕಾಗ್ರತೆಗಾಗಿ ನಾವು ಮಾಡಿಕೊಂಡ ಏರ್ಪಾಡುಗಳನ್ನು ತಾವು ಬಲ್ಲಿರಿ. ಭಾನುವಾರ ಮಧ್ಯಾಹ್ನದಿಂದ ಈರುಳ್ಳಿ ಹುರಿಯುವಂತಿಲ್ಲ, ನಾನು ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಅತ್ತೆ ಮಂಡಿಗೆ ನೋವಿನ ಮುಲಾಮು ತಿಕ್ಕುವಂತಿಲ್ಲ, ಲೋಟಗಳನ್ನು ಸೋಪಿನಲ್ಲಿ ತೊಳೆಯುವಂತಿಲ್ಲ, ಪರಿಮಳ ಓಡಿಹೋಗದಂತೆ ಕಿಟಕಿಗಳನ್ನೆಲ್ಲ ಮುಚ್ಚಬೇಕು. ‘ರೀ, ಮಲಗೋ ಮುಂಚೆ ಒಲೆ ಹತ್ರ ಒಂದ್ಸಲ ಮೂಸಿ ಬನ್ನಿ’ ಎಂದರೆ, ‘ಈಗ ಬೇಡ ಮಾರಾಯ್ತಿ, ಒಳಗೆ ಇನ್ನೂ ಓಕ್ ಇದೆ, ಕೆಡುತ್ತೆ’ ಎಂಬ ಉತ್ತರ. ಓಕಿಗೆ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ.

ಕ್ಷಮಿಸಿ, ಇಲ್ಲಿ ಸ್ವಲ್ಪ ನಿಲ್ಲಿಸಿ ಒಲೆಯ ಗುಂಡಿ ನೋಡಿ ಬಂದೆ. ಬಂದ್ ಮಾಡಿಯೇ ಇದೆ.

ಈಗ ಹೋದ ಭಾನುವಾರದ ವಿಷಯ. ಡಾಕ್ಟರು, ಮಾಸ್ತರು, ತಮ್ಮ ಒಡೆಯರು ಮೇಜಿನ ಸುತ್ತ ಕೂತಿದ್ದರು, ನಾನು ಬಾಯಿ ತೊಳೆಯಲು ನೀರು ತಂದಿಟ್ಟು ಬಾಗಿಲ ಬಳಿ ನಿಂತಿದ್ದೆ. ಆ ಕೋಣೆಗೂ ಅತ್ತೆಯ ಕೋಣೆಗೂ ನಡುವಿನ ಬಾಗಿಲಿಗೆ ಬರೀ ಒಂದು ಪರದೆ. ಒಂದನೆಯದು ಸಪ್ಪೆ ಎನಿಸಿತು, ಎರಡನೆಯದಕ್ಕೆ ಎಲ್ಲರೂ ಮೂಗು ಮುರಿದರು. ಮೂರನೆಯದನ್ನು ಸುರಿದು ಮಾತಾಡುತ್ತ ಕೂತಿದ್ದಾಗ ತಾವು ಒಮ್ಮೆಲೇ ಅರಳಿದಿರಿ. ‘ಆಹಾ, ಸುಟ್ಟ ಪೀಪಾಯಿ ಅಂದ್ರೆ ಇದು’ ಎಂದರು ತಮ್ಮ ಒಡೆಯರು. ಡಾಕ್ಟರು ಕಣ್ಣು ಮುಚ್ಚಿ, ‘ಸುರಿದಾಗ ಇಷ್ಟು ಇರ್ಲಿಲ್ಲ ನೋಡಿ, ಗಾಳಿ ತಾಗ್ತಾ ತಾಗ್ತಾ ಹೆಚ್ಚಾಗ್ತಿದೆ’ ಎಂದರು. ಮಾಸ್ತರು ಪಾಪ ಅನುಮಾನದಿಂದಲೇ, ‘ನನಗ್ಯಾಕೋ ರಬ್ಬರ್ ಸುಟ್ಟ ಹಾಗೆ ಅನ್ನಿಸ್ತಿದೆ’ ಎಂದಾಗ, ‘ಅದು ನಿಮ್ಮ ಕಾರಿನ ಕ್ಲಚ್ಚು ಮಾಸ್ತರೇ, ಲೋಟದ್ದಲ್ಲ’ ಎಂದು ಇಬ್ಬರೂ ನಕ್ಕರು. ಮಾಸ್ತರು ಇನ್ನೊಮ್ಮೆ ಮೂಸಿ, ಹೌದು, ಪೀಪಾಯಿಯೇ ಎಂದು ಒಪ್ಪಿಕೊಂಡರು.

ಅಷ್ಟರಲ್ಲಿ ಅತ್ತೆ ಒಳಗಿನಿಂದ, ‘ಏನೇ, ಈ ದೀಪ ಯಾಕೋ ನನಗೆ ಕಣ್ಣು ಹೊಡೀತಿದೆ’ ಎಂದರು. ಹೋಗಿ ನೋಡಿದರೆ ದೀಪ ಮಿಣುಕುತ್ತಿದೆ, ಅವರ ಹಾಸಿಗೆಯ ತಲೆದೆಸೆಯ ಸ್ವಿಚ್ ಬೋರ್ಡಿನ ಮೇಲೆ ಗೋಡೆ ಕಂದಿದೆ, ಕೈಯಿಟ್ಟರೆ ಆಗತಾನೆ ಇಸ್ತ್ರಿ ಮಾಡಿದ ಕಾಲರಿನಷ್ಟು ಬಿಸಿ. ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ‘ಏಯ್, ಏನ್ ಮಾಡ್ದೆ? ಕೊನೇ ರುಚಿ ಈಗ ತಾನೆ ಗಂಟಲಿಗೆ ಇಳೀತಿತ್ತು’ ಎಂಬ ತಮ್ಮ ಒಡೆಯರ ಮಾತು ಕತ್ತಲಿನಿಂದ ಬಂತು. ಬೋರ್ಡು ಬಿಸಿಯಾಗಿದೆ ಎಂದೆ. ‘ನಿನಗೆ ಮುಟ್ಟಿದ್ದೆಲ್ಲ ಬಿಸಿ, ನಾಳೆ ನೋಡಿದ್ರಾಯ್ತು’ ಎಂದರು. ಮೇಣದಬತ್ತಿ ಹಚ್ಚಲು ಹೋದರೆ, ಮೇಣದ ವಾಸನೆ ಬೆರೆತುಹೋಗುತ್ತದೆಂದು ಡಾಕ್ಟರು ತಡೆದರು. ಹೀಗೆ ತಾವು ಮೂವರು ಮೂಗಿನವರು ಕತ್ತಲಲ್ಲೇ ಕೂತು, ಒಮ್ಮತದಿಂದ, ಮೂರನೆಯದಕ್ಕೆ ಮೊದಲ ಬಹುಮಾನ ಕೊಟ್ಟಿರಿ. ನಾನು ಅತ್ತೆಯನ್ನು ಎಬ್ಬಿಸಿ ನನ್ನ ಹೊಲಿಗೆ ಯಂತ್ರದ ಪಕ್ಕಕ್ಕೆ ಹಾಸಿಗೆ ಹಾಕಿಕೊಟ್ಟೆ.

ಮರುದಿನ ತಾವು ಅಂಗಡಿಗೆ ಹೋದ ಮೇಲೆ ಕರೆಂಟಿನವನು ಬಂದು ಬೋರ್ಡು ಬಿಚ್ಚಿದ. ಒಳಗೆ ತಂತಿಯ ಮೇಲಿನ ಪ್ಲಾಸ್ಟಿಕ್ಕು ಕರಗಿ ಕರ್ರಗೆ ಅಂಟಿಕೊಂಡಿತ್ತು. ‘ಏನಕ್ಕಾ, ಇಷ್ಟು ಸುಟ್ಟಿದೆ, ಮನೇಲಿ ಯಾರಿಗೂ ವಾಸನೆ ಬರ್ಲಿಲ್ವಾ?’ ಎಂದ. ‘ಬಂತಪ್ಪ, ಬಂದು ಮೊದಲ ಬಹುಮಾನ ತಗೊಂಡು ಹೋಯ್ತು’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸಂಜೆ ತಮ್ಮ ಒಡೆಯರು ಹೊಸ ಬೋರ್ಡು ನೋಡಿ, ‘ಚೆನ್ನಾಗಿದೆ, ಹಂಸದ ಗರಿ’ ಎಂದಷ್ಟೇ ಹೇಳಿ ಕನ್ನಡಿಯ ಮುಂದೆ ನಿಂತರು. ಬರುವ ಭಾನುವಾರ ರುಚಿಗಾರರ ದೊಡ್ಡ ಕೂಟವಂತೆ, ಮೂರನೆಯದನ್ನು ಎಲ್ಲರ ಮುಂದಿಟ್ಟು ಸುಟ್ಟ ಪೀಪಾಯಿಯ ಮೇಲೆ ಭಾಷಣ ಮಾಡಬೇಕಂತೆ, ಅದರ ತಾಲೀಮು.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಅಣ್ಣತಮ್ಮಂದಿರು ಪಾಲಾಗುವಂತೆ ತಮ್ಮ ಹೊಳ್ಳೆಗಳು ಪಾಲಾಗಿ, ಬಲಗಡೆಯವರು ಬೋರ್ಬನ್ನಿಗಿರಲಿ, ಎಡಗಡೆಯವರನ್ನಾದರೂ ಮನೆಗೆ ಬಿಟ್ಟುಕೊಡಿ. ಅದಾಗದಿದ್ದರೆ, ಸೋರುವ ಗ್ಯಾಸಿಗೆ ಸುಟ್ಟ ಸಕ್ಕರೆಯ ಪರಿಮಳ ಬೆರೆಸಲು ಗ್ಯಾಸಿನವರಿಗೆ ಶಿಫಾರಸು ಮಾಡಿ, ಹುಳಿಯುವ ಮುನ್ನ ಸ್ವಲ್ಪ ವೆನಿಲಾ ಬಿಡುವಂತೆ ಹಾಲಿಗೂ ಹೇಳಿ. ಬೆಂಕಿಗೂ ಒಂದು ಮಾತು ತಿಳಿಸಿದರೆ ಒಳ್ಳೆಯದು: ನಮ್ಮ ಮನೆಗೆ ಬರುವುದಾದರೆ ಪೀಪಾಯಿಯಲ್ಲಿ ಕೆಲವು ವರ್ಷ ಕೂತು ಮಾಗಿ ಬರಲಿ, ಹಸಿ ಬೆಂಕಿಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ರಾತ್ರಿಯಿಡೀ ಪಕ್ಕದ ದಿಂಬಿನಲ್ಲಿ ಎಚ್ಚರವಾಗಿದ್ದು ತಮ್ಮ ಗೊರಕೆಗೆ ಕಾವಲಿರುವ,
ತಮ್ಮ ವಿಶ್ವಾಸಿ,
ಬಟ್ಟೆ ಹೊಲಿಯುವವಳು

ತಾ.ಕ.: ಕೂಟಕ್ಕೆ ಹೊರಡುವ ಮೊದಲು ದಯಮಾಡಿ ಮೂರನೆಯದನ್ನು ಇದೇ ಕೋಣೆಯಲ್ಲಿ ಇನ್ನೊಂದು ಸಲ ಮೂಸಿ ನೋಡಿ. ತಂತಿ ಈಗ ಹೊಸದು. ಸುಟ್ಟ ವಾಸನೆ ಬಂದರೆ, ಖುಷಿಪಡುವ ಮೊದಲು ತಮ್ಮ ಒಡೆಯರ ತಾಯಿಯ ತಲೆದೆಸೆಯ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಲು ಕೈಯವರಿಗೆ ಹೇಳಿ. ಬಾರದಿದ್ದರೆ ಭಾಷಣ ಬಿಡಿ. ಮಲಗಲು ಬರುವ ದಾರಿಯಲ್ಲಿ ಒಲೆಯ ಹತ್ತಿರ ಒಂದು ಉಸಿರು ಎಳೆದು ಬಂದು, ‘ಏನಿಲ್ಲ, ಮಲಗು’ ಎಂದರೆ ಸಾಕು. ಹೇಳುವ ಮುನ್ನ ಇನ್ನೊಮ್ಮೆ ನೋಡಿ.