ಗಿಟಾರಿನ ಚೀರಾಟ ಅಡಗಿಸಿದ್ದು

ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹತ್ರ ರೇಡಿಯೊ ರಿಪೇರಿ ಅಂಗಡಿ ಇಟ್ಟಾಂವಗ ನೆಮ್ಮದಿ ಅನ್ನೂದ ಇಲ್ಲರಿ. ಒಂದು ಮುಗಿಸಿ ಚಹಾ ಬಾಯಿಗಿಡೂದ್ರಾಗ ಇನ್ನೊಂದು ಫಜೀತಿ ಬಾಗಿಲಾಗ ನಿಂತಿರ್ತೈತಿ. ಎಂಬತ್ತರ ದಶಕದಾಗ ಗಿಟಾರಿನವ ಒಬ್ಬನ ಸಾಕಾಗಿದ್ದ ನನಗ.

೧. ಕಂಬಳಿ

ಆಂವ ನಿಪ್ಪಾಣಿಯ ಮದುವಿ ಆರ್ಕೆಸ್ಟ್ರಾದಾಂವ. ಗಿಟಾರಿನ ದನಿ ದೊಡ್ಡದು ಮಾಡೂ ಅವನ ವಾಲ್ವ್ ಆಂಪ್ಲಿಫಾಯರ್ ಡಬ್ಬಿ ಹಚ್ಚಿದ್ರ ತಗಡಿನ ಮ್ಯಾಲ ಮೊಳಿ ಎಳದಂಗ ಚೀರತಿತ್ತು. ಐತವಾರ ಬೇಡಕಿಹಾಳದ ಮದುವ್ಯಾಗೂ ಹಿಂಗ ಚೀರಿದ್ರ ನಿನ್ನ ಜಾಗಾದಾಗ ಬೆಂಜೊದವನ್ನ ಕೂಡಸ್ತೀನಿ ಅಂತ ಮಾಲಕ ಹೇಳಿಬಿಟ್ಟಿದ್ನಂತ. ಹುಡುಗಂದು ಲಗ್ನ ಆಗಿ ಇನ್ನೂ ವರ್ಸ ಆಗಿಲ್ಲ, ಬ್ಯಾರೆ ಕೆಲಸ ಬರೂದಿಲ್ಲ. ಪಾಪ, ಕುಂತಲ್ಲಿ ಕುಂದರವಲ್ಲ. ತಾನ ಒಂದು ಉಪಾಯ ಮಾಡಿ ಡಬ್ಬಿಗೆ ಪೂರಾ ಕಂಬಳಿ ಸುತ್ತಿದ್ದ. ಒಳಗ ವಾಲ್ವ್ ಕಾದು ಕಂಬಳಿ ಹೊಗಿ ಬಿಟ್ಟಿತ್ತು.

ಚೀರೂದು ಕಮ್ಮಿ ಆತೇನೋ ಅಂದೆ.

"ಆತ್ರಿ. ಆದ್ರ ನಮ್ಮವ್ವ ಸುರು ಮಾಡಿದ್ಳು. ಕಂಬಳಿ ಆಕೀದು."

೨. ಸುರುಳಿ

ಸ್ಪೀಕರಿಗೆ ಹೋಗೂ ತಂತಿ ನಡುವ ತಾಮ್ರದ ಸುರುಳಿ ಹಾಕಿ, ಒಂದು ಕಂಡೆನ್ಸರ್ ಬೆಸದೆ. ದಪ್ಪ ಸ್ವರ ಹಾದು ಹೋಗ್ತಾವ, ಚೂಪಾದವು ಅಲ್ಲೇ ಅಡಗ್ತಾವ. ಸುರುಳಿ ಒಮ್ಮಿ ಹೆಚ್ಚಾತು, ಒಮ್ಮಿ ಕಮ್ಮಿ ಆತು. ಸುತ್ತೂದು, ಬಿಚ್ಚೂದು, ತಲಿ ಕೆಟ್ಟು ಹೋತು. ಇಡೀ ದಿನ ಆಂವ ಬಾರಿಸಿದ, ಬಾಜೂ ಅಂಗಡಿ ಟೇಲರ್ ಬೈದ. ಸಂಜಿಮುಂದ ದನಿ ಮೆತ್ತಗಾತು. ಬೈಗಳೂ ನಿಂತ್ವು. ಇಣುಕಿ ನೋಡಿದ್ರ ಟೇಲರ್ ತೂಕಡಿಸ್ಕೋಂತ ಒಂದ ಪ್ಯಾಂಟಿನ ಎರಡೂ ಕಾಲು ಕೂಡಿಸಿ ಹೊಲದಿದ್ದ.

೩. ಬೇಡಕಿಹಾಳ

ನಮ್ಮ ಕಡೆ ಮದುವಿ ಸಪ್ಪಳ ಬಾಜೂ ಊರಿಗೆ ಕೇಳ್ಬೇಕ್ರಿ. ಕೇಳಿದ್ರ ಎಲ್ಲಾ ಸುಸೂತ್ರ ನಡದೈತಿ ಅಂತ ತಿಳದು ಅಲ್ಲಿ ಮಂದಿ ತಮ್ಮ ಕೆಲಸ ನೋಡ್ಕೋತಾರ. ಇದನ್ನ ನಾನು ಮರತಿದ್ದೆ.

ಗಿಟಾರ್ ಬೆಣ್ಣಿಯಂಗ ನಡದಿತ್ತು. ದನಿ ಮಂಟಪ ದಾಟವಲ್ದು ಅಂತ ಮಾಲಕನ ಮಾರಿ ಮಾತ್ರ ಗಂಟು ಹಾಕೊಂಡಿತ್ತು. ಡಬ್ಬಿ ನೋಡ್ಕೊಳಾಕ ಹೋಗಿದ್ದ ನಾನೂ ನಿಂತಲ್ಲಿ ನಿಲ್ಲಲಾರದ ಮಂಟಪ ಸುತ್ತಾಕತ್ತಿದ್ದೆ. ಅಕ್ಷತಾ ಬಿದ್ದು ಊಟಕ್ಕ ಎಲಿ ಹಾಕೂದ್ರಾಗ ಬಾಜೂ ಊರಿಂದ ಟ್ರ್ಯಾಕ್ಟರ್ ಮ್ಯಾಲ ಟ್ರ್ಯಾಕ್ಟರ್ ಬಂದ್ವು. ಎಲ್ಲಾರ ಮಾರಿನೂ ಸಪ್ಪಗ. ಒಬ್ಬ ಹಿರ್ಯಾ ಇಳದು ಹೆಣ್ಣಿನ ಅಪ್ಪನ ಕೈ ಹಿಡದು, "ಸಪ್ಪಳ ಇಲ್ಲ, ಏನಿಲ್ಲ. ಲಗ್ನ ಮುರೀತೇನೋ ಅಂತ ಸಮಾಧಾನ ಹೇಳಾಕ ಬಂದೇವ್ರಿ" ಅಂದ.

ಮುರದಿಲ್ಲ ಅಂತ ಗೊತ್ತಾತು. ಸಪ್ಪಳ ಯಾಕಿಲ್ಲ ಅಂತ ಹೆಣ್ಣಿನ ಅಪ್ಪ ಕೇಳಿದ, ಸುರುಳಿ ಸಂಗ್ತಿ ಹೇಳಿದೆ. ಬಂದವರು ಹೆಂಗ ಹೊಳ್ಳಿ ಹೋಗ್ತಾರ, ಪಂಕ್ತಿಗೆ ಕುಂತ್ರು.

ಇಷ್ಟು ಮಂದಿ ಕಂಡು ಮಾಲಕ ಗಿಟಾರ್ ಕೇಳಾಕ ಬಂದಾರಂತ ತಿಳದ. ಸ್ಟೇಜಿನ ಮ್ಯಾಲ ಹುಡುಗನ್ನ ಅಪ್ಪಿಕೊಂಡು, ನೀನ ಖಾಯಂ, ಬೆಂಜೊದವ ಬ್ಯಾಡ ಅಂದ. ಹುಡುಗನ ಕಣ್ಣಾಗ ನೀರು. ನನಗೂ ಖುಷಿ ಆತು, ಸುಳ್ಳ್ಯಾಕ ಹೇಳ್ಲಿ.

ಅಷ್ಟ್ರಾಗ ಹೆಣ್ಣಿನ ಅಪ್ಪ ನನ್ನ ರಟ್ಟಿ ಹಿಡದು ಅಡಗಿ ಕಡೆ ಕರಕೊಂಡು ಹೋಗಿ, ತಳ ಕಂಡ ಹಂಡೆ ತೋರಿಸಿದ.

"ಸಣ್ಣ ಮಗಳ ಲಗ್ನಕ್ಕೂ ಈ ಹುಡುಗನ್ನ ಕರಸ್ತೀನ್ರಿ. ಆದ್ರ ಕೈ ಮುಗೀತೀನಿ, ಆ ಸುರುಳಿ ಬಿಚ್ಚಿ ಕಳಸ್ರಿ."