ಊದದವರನ್ನು ಕುಡಿದವರೆಂದು ಪರಿಗಣಿಸುವ ಕುರಿತು

ವ್ಯಾನ್ ಸ್ವಚ್ಛತಾ ವಿಭಾಗ
ಕ್ರೋಯ್ಡನ್ ಡಿಪೊ, ಲಂಡನ್

ಸಂಖ್ಯೆ: ವ್ಯಾಸ್ವ/ಊದು/41/2025
ದಿನಾಂಕ: 21-10-2025

ಸುತ್ತೋಲೆ

ವಿಷಯ: ಪ್ರೊಬೇಷನ್ ಅವಧಿಯಲ್ಲಿರುವ ಸಿಬ್ಬಂದಿ ಮದ್ಯಪರೀಕ್ಷೆಯ ಕೊಳವೆ ಊದಲು ನಿರಾಕರಿಸಿದಲ್ಲಿ ಆಗತಕ್ಕ ಪರಿಣಾಮಗಳು, ಹಾಗೂ ಅವು ಆಗದೇ ಹೋದ ಬಗ್ಗೆ.

ಉಲ್ಲೇಖ:
(1) ಈ ಕಚೇರಿಯ ಸ್ಥಾಯಿ ಆದೇಶ ಸಂಖ್ಯೆ 9.
(2) ಪಾಳಿ ಮೇಲ್ವಿಚಾರಕ ಶ್ರೀ ನಾರಾಯಣಸ್ವಾಮಿ ಅವರ ವರದಿ, ದಿನಾಂಕ 17-10-2025.
(3) ಅದೇ ದಿನ ಯಂತ್ರದಿಂದ ಹೊರಬಂದು ನೆಲಕ್ಕೆ ಬಿದ್ದ ಚೀಟಿ.

1. ಡಿಪೊದಲ್ಲಿ ವ್ಯಾನ್ ತೊಳೆಯುವವರೆಲ್ಲರ ಗಮನಕ್ಕೆ ಸ್ಥಾಯಿ ಆದೇಶ 9ರ ಸಾರಾಂಶವನ್ನು ಮತ್ತೊಮ್ಮೆ ತರಲಾಗಿದೆ:

(ಅ) ಪ್ರೊಬೇಷನ್ ಅವಧಿ 180 ದಿನ. ಈ ಅವಧಿಯಲ್ಲಿ ಮೇಲ್ವಿಚಾರಕರು ಕೇಳಿದ ಬೆಳಿಗ್ಗೆ ಕೊಳವೆ ಊದತಕ್ಕದ್ದು.
(ಆ) ಊದದವರನ್ನು ಕುಡಿದವರೆಂದೇ ಪರಿಗಣಿಸಿ, ಅವರ ದಿನಗಣನೆಯನ್ನು ಪುನಃ ಒಂದರಿಂದ ಆರಂಭಿಸತಕ್ಕದ್ದು. ಈ ಕುರಿತ ಪತ್ರಕ್ಕೆ ಮೇಲ್ವಿಚಾರಕರು 180ನೇ ದಿನದ ಸಂಜೆ 5 ಗಂಟೆಯೊಳಗೆ ಸಹಿ ಮಾಡತಕ್ಕದ್ದು. ಮಾಡದಿದ್ದಲ್ಲಿ ನೌಕರರು ತಾವಾಗಿಯೇ ಕಾಯಂ ಆಗುತ್ತಾರೆ.
(ಇ) ಯಂತ್ರದಲ್ಲಿ ಸೊನ್ನೆಗಿಂತ ಹೆಚ್ಚು ಅಂಕಿ ತೋರಿಸಿದ ಯಾರೇ ಆಗಲಿ, ಆ ದಿನ ನೀರಿನ ಪೈಪು, ಬ್ರಷ್, ಪೆನ್ನು ಇವುಗಳನ್ನು ಮುಟ್ಟತಕ್ಕದ್ದಲ್ಲ.

2. ಕಳೆದ ಆರು ವರ್ಷಗಳಲ್ಲಿ ವ್ಯಾನ್ ತೊಳೆಯುವ ಒಬ್ಬರೂ ಕಾಯಂ ಆಗಿರುವುದಿಲ್ಲ. ಕೊಳವೆ ಪ್ರತಿಯೊಬ್ಬರ ಬಳಿಗೂ ಸರಿಯಾಗಿ 180ನೇ ದಿನದ ಬೆಳಿಗ್ಗೆಯೇ ಬಂದಿರುತ್ತದೆ. ಇದು ಕಾಕತಾಳೀಯವೆಂದು ವಿಭಾಗವು ಆರು ವರ್ಷಗಳಿಂದ ನಂಬಿಕೊಂಡು ಬಂದಿದೆ. ಕೆಮ್ಮಿದವರನ್ನು, ಕೊಳವೆಯ ವಾಸನೆಗೆ ಮುಖ ಹಿಂಡಿದವರನ್ನು ನಿರಾಕರಿಸಿದವರೆಂದೇ ಬರೆದುಕೊಳ್ಳಲಾಗಿದೆ. ಕಾರ್ಕಳದ ಕಡೆಯ ಶ್ರೀ ಎಡ್ಸನ್ ಎಂಬುವರು ಮೊದಲ ಬಾರಿ ಊದುವ ಮುನ್ನ ಶಿಲುಬೆಯ ಗುರುತು ಮಾಡಿಕೊಂಡು ಮೂರು ಸೆಕೆಂಡು ವಿಳಂಬ ಮಾಡಿದ್ದರಿಂದಲೂ, ಎರಡನೇ ಬಾರಿ ನಕ್ಕಿದ್ದರಿಂದಲೂ, ಸದ್ಯ ತಮ್ಮ ಮೂರನೇ ಸುತ್ತಿನ ದಿನಗಳನ್ನು ಎಣಿಸುತ್ತಿದ್ದಾರೆ.

3. ಹಿನ್ನೆಲೆ. ಗದಗ ಕಡೆಯ ಶ್ರೀ ಪಾಂಡುರಂಗ, ವಯಸ್ಸು 51, ಹೆಂಡತಿ ಮತ್ತು ಮಗಳೊಂದಿಗೆ ಕ್ವೀನ್ಸ್‌ಬರಿಯ ಮನೆಯೊಂದರ ಒಂದೇ ಕೋಣೆಯಲ್ಲಿ ವಾಸವಾಗಿರುತ್ತಾರೆ. ದಿನವೂ ಎರಡು ರೈಲು, ಒಂದು ಟ್ರಾಮ್ ಹಿಡಿದು ಡಿಪೊಗೆ ಬರುತ್ತಾರೆ. ಇದುವರೆಗೆ ಒಂದು ಹನಿ ಮದ್ಯವನ್ನೂ ಕುಡಿದವರಲ್ಲ. ನೀರನ್ನು ಸಹ ಬಾಟಲಿಗೆ ತುಟಿ ತಾಗಿಸಿ ಕುಡಿಯುವುದಿಲ್ಲ. ಟ್ರಾಮ್ ಎಷ್ಟೇ ಕುಲುಕಲಿ, ಕತ್ತೆತ್ತಿ ಬಾಟಲಿಯನ್ನು ಮೇಲೆ ಹಿಡಿದು ಬಾಯಿಗೆ ಸುರಿದುಕೊಳ್ಳುತ್ತಾರೆ. ಈ ಕಾರಣಕ್ಕೆ ಅಕ್ಕಪಕ್ಕದ ಪ್ರಯಾಣಿಕರು ಒದ್ದೆಯಾಗಿರುವ ಬಗ್ಗೆ ದೂರುಗಳಿದ್ದು, ಅವು ಈ ವಿಭಾಗಕ್ಕೆ ಸಂಬಂಧಿಸಿರುವುದಿಲ್ಲ.

4. ದಿನಾಂಕ 17-10-2025ರ ಶುಕ್ರವಾರ ಸದರಿಯವರ 180ನೇ ದಿನವಾಗಿದ್ದು, ಬೆಳಿಗ್ಗೆ 7.30ಕ್ಕೆ ಶ್ರೀ ನಾರಾಯಣಸ್ವಾಮಿಯವರು ಯಂತ್ರದೊಂದಿಗೆ ಹಾಜರಾದರು. ಊದುವ ಕ್ರಮ ಹೇಗೆಂದು ಸ್ವತಃ ಮಾದರಿ ತೋರಿಸುವುದು ಸೂಕ್ತವೆಂದು ಅವರಿಗೆ ತೋಚಿತು.

"ನೋಡಿ ಕಲೀರಿ. ಹಿಂಗೆ ಬಾಯಿಟ್ಟು, ಮಧ್ಯೆ ನಿಲ್ಲಿಸ್ದೆ, ಪೂರ್ತಿ ಬಿಡ್ಬೇಕು," ಎಂದು ಹೇಳಿ ಅವರು ಕೊಳವೆಯನ್ನು ಬಾಯಿಗಿಟ್ಟು ಪೂರ್ತಿ ಬಿಟ್ಟರು. ಬಳಿಕ ಅದೇ ಕೊಳವೆಯನ್ನು ತಮ್ಮ ಪ್ಯಾಂಟಿಗೆ ಎರಡು ಸಲ ಒರೆಸಿ ಮುಂದಕ್ಕೆ ಚಾಚಿದರು.

"ಹೊಸಾದು ಕೊಡ್ರಿ ಸರ," ಎಂದು ಪಾಂಡುರಂಗ ಕೇಳಿಕೊಂಡರು.

"ಯಾಕೆ, ಇದಕ್ಕೇನಾಗಿದೆ?"

"ಎಂಜಲ ಆಗೇತ್ರಿ."

"ಇದೇನು ಊರಾ ಮಡಿ ಮೈಲಿಗೆ ಅಂತ ಕೂರೋಕೆ? ಲಂಡನ್ ರೀ ಇದು."

"ಮಡಿ ಅಲ್ರೀ ಸರ. ನನ್ನ ಮಗಳ ಲೋಟಕ್ಕೂ ನಾ ಬಾಯಿ ಹಚ್ಚಂಗಿಲ್ಲ. ನಿಮ್ಮದಕ್ಕ ಹೆಂಗ ಹಚ್ಚಲಿ?"

5. ಹೊಸ ಕೊಳವೆಗಳ ಲಭ್ಯತೆ ಕುರಿತು ಸ್ಪಷ್ಟೀಕರಣ: ಒಂದೊಂದಾಗಿ ಕಾಗದದಲ್ಲಿ ಸುತ್ತಿ ಮುಚ್ಚಿದ 200 ಹೊಸ ಕೊಳವೆಗಳು ಕಚೇರಿಯ ಬೀರುವಿನಲ್ಲಿ ಸುರಕ್ಷಿತವಾಗಿವೆ. ಲೆಕ್ಕಪರಿಶೋಧಕರು ಬಂದಾಗ 200ಕ್ಕೆ 200 ಇರಬೇಕಾದ ಕಾರಣ ಅವನ್ನು ಬಳಸಲು ಅವಕಾಶವಿರುವುದಿಲ್ಲ. ಬಳಕೆಯಲ್ಲಿರುವ ಏಕೈಕ ಕೊಳವೆಯನ್ನು ಪ್ರತಿ ಸೋಮವಾರ ತೊಳೆಯಲಾಗುತ್ತಿದ್ದು, ಘಟನೆ ನಡೆದದ್ದು ಶುಕ್ರವಾರ.

6. ಆ ಕ್ಷಣ ಪಾಂಡುರಂಗರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ನಮೂನೆಯಲ್ಲಿ ಅಂಕಣ ಇಲ್ಲ. ಆದರೂ ದಾಖಲಿಸಲಾಗಿದೆ. ಡಿಪೊದಿಂದ ಎರಡೇ ಟ್ರಾಮ್ ನಿಲ್ದಾಣದ ದೂರದಲ್ಲಿ ಒಂದು ಫ್ಲ್ಯಾಟ್ ಇದೆ. ಅದಕ್ಕೆ ಎರಡು ಕೋಣೆ, ಅಡುಗೆಮನೆಗೊಂದು ಕಿಟಕಿ. ಕೆಲಸ ಕಾಯಂ ಆದ ಪತ್ರ ಸೋಮವಾರದೊಳಗೆ ಕೈಸೇರಿದರೆ ಮಾತ್ರ ಬೀಗದ ಕೈ ಕೊಡುವುದಾಗಿ ಏಜೆಂಟ್ ಹೇಳಿರುತ್ತಾರೆ. ಮಗಳು ಅಂಕಿತಾ ಎರಡು ವರ್ಷದಿಂದ ಮಂಚದ ತುದಿಯಲ್ಲಿ ಕೂತು, ಮಡಿಲಲ್ಲಿ ಪುಸ್ತಕವಿಟ್ಟು ಓದುತ್ತಿದ್ದಾಳೆ. 180 ದಿನಗಳನ್ನೂ ಒಂದೊಂದಾಗಿ ಕ್ಯಾಲೆಂಡರಿನಲ್ಲಿ ಹೊಡೆದುಹಾಕಿದವಳು ಅವಳೇ. ಆ ದಿನ ಬೆಳಿಗ್ಗೆ ಕೊನೆಯದನ್ನು ಹೊಡೆಯದೆ, "ಸಂಜೆ ಅಪ್ಪ ಬಂದ ಮ್ಯಾಲೆ" ಎಂದು ಪೆನ್ನು ಮುಚ್ಚಿಟ್ಟಿದ್ದಳು. ಒಂದು ಉಸಿರು ಬಿಟ್ಟರೆ ಮುಗಿದುಹೋಗುತ್ತಿತ್ತು. ಪಾಂಡುರಂಗ ಕೊಳವೆಯ ತುದಿಯನ್ನು ನೋಡಿದರು. ಅದರ ಮೇಲೆ ಇನ್ನೂ ಪಸೆ ಹೊಳೆಯುತ್ತಿತ್ತು. ಬಾಯಿ ತೆರೆಯಲು ನೋಡಿದರು. ಆಗಲಿಲ್ಲ.

7. ಶ್ರೀ ನಾರಾಯಣಸ್ವಾಮಿಯವರು "ನಿರಾಕರಿಸಿರುತ್ತಾರೆ" ಎಂದು ಬರೆದುಕೊಂಡು ಈ ಕೆಳಕಂಡ ಪರಿಣಾಮಗಳನ್ನು ತಕ್ಷಣದಿಂದ ಜಾರಿಗೊಳಿಸಿದರು:

(ಅ) ಕುಡಿದವರು ತೊಳೆಯುವ ಅಂಗಳದಲ್ಲಿ ಇರತಕ್ಕದ್ದಲ್ಲವಾದ್ದರಿಂದ ಸದರಿಯವರನ್ನು ಗೇಟಿನ ಹೊರಗೆ ಕಳುಹಿಸಲಾಯಿತು.
(ಆ) ಕುಡಿದವರನ್ನು ಟ್ರಾಮ್ ಓಡಾಡುವ ರಸ್ತೆಗೆ ಬಿಡತಕ್ಕದ್ದೂ ಅಲ್ಲವಾದ್ದರಿಂದ ವಾಪಸು ಕರೆಯಲಾಯಿತು.
(ಇ) ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗವೆಂದರೆ ಗೇಟಿನ ಅಡಿಯ ಹಳದಿ ಪಟ್ಟಿ. ಅದರ ಅಗಲ ಒಂದು ಅಡಿ. ಸದರಿಯವರು ಸಂಜೆಯವರೆಗೆ ಅದರ ಮೇಲೆಯೇ ಇರತಕ್ಕದ್ದೆಂದು ಸೂಚಿಸಲಾಯಿತು. ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿಯನ್ನು ಅವರು ಅಲ್ಲಿಯೇ ನಿಂತು ತಿಂದರು.
(ಈ) ಸದರಿಯವರು ಹಳದಿ ಪಟ್ಟಿಯ ಮೇಲೆ ಆಚೀಚೆ ಕದಲದೆ ನೆಟ್ಟಗೆ ಓಡಾಡಿದ್ದು ಕಂಡುಬಂದಿದ್ದು, ಅಮಲಿಲ್ಲದವರು ಇಷ್ಟು ಜಾಗ್ರತೆಯಿಂದ ನಡೆಯುವ ಅಗತ್ಯವೇನು ಎಂದು ವರದಿಯಲ್ಲಿ ಪ್ರಶ್ನಿಸಲಾಗಿದೆ.

8. ಇದಲ್ಲದೆ, ಕುಡಿತ ಬಿಡಿಸುವ ಆರು ವಾರಗಳ ಮಂಗಳವಾರದ ತರಗತಿಗೆ ಸದರಿಯವರ ಪರವಾಗಿ ಒಂದು ಕುರ್ಚಿ ಕಾಯ್ದಿರಿಸಲಾಯಿತು. ಒಮ್ಮೆ ಕಾಯ್ದಿರಿಸಿದ ಕುರ್ಚಿಯನ್ನು ಖಾಲಿ ಬಿಡುವಂತಿಲ್ಲ. ವಾರಕ್ಕೆ ಎಷ್ಟು ಕುಡಿಯುತ್ತೀರಿ ಎಂಬ ಅಂಕಣದಲ್ಲಿ ಅವರು "ಸೊನ್ನೆ" ಎಂದು ಬರೆದರು. ಮೂರನೇ ವಾರದೊಳಗೆ ಕುಡಿತವನ್ನು ಅರ್ಧಕ್ಕೆ ಇಳಿಸದವರನ್ನು ತರಗತಿಯಿಂದ ಹೊರಹಾಕುವ ನಿಯಮವಿದೆ. ಸೊನ್ನೆಯನ್ನು ಅರ್ಧಕ್ಕೆ ಇಳಿಸಲು ಆಗುವುದಿಲ್ಲವಾದ್ದರಿಂದ, ಸದರಿಯವರು ಮೊದಲ ಎರಡು ವಾರ ನಿಯಮಿತವಾಗಿ ಕುಡಿದು ಸಹಕರಿಸತಕ್ಕದ್ದೆಂದು ತಿಳಿಸಲಾಯಿತು.

"ಬಿಡಾಕ ಹಚ್ಚೂದಕ್ಕ ಮೊದಲ ಕುಡಿಯಾಕ ಹಚ್ಚತೀರೇನ್ರಿ?" ಎಂದು ಪಾಂಡುರಂಗ ಹಳದಿ ಪಟ್ಟಿಯ ಮೇಲಿಂದ ಕೇಳಿದ್ದು, ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರಿಯ ಹುದ್ದೆ ಖಾಲಿ ಇರುತ್ತದೆ.

9. ಸಂಜೆ 4.50ಕ್ಕೆ ಶ್ರೀ ನಾರಾಯಣಸ್ವಾಮಿಯವರು ದಿನಗಣನೆಯನ್ನು ಒಂದಕ್ಕೆ ಇಳಿಸುವ ಪತ್ರದೊಂದಿಗೆ ಗೇಟಿಗೆ ಬಂದು ಪೆನ್ನಿನ ಮುಚ್ಚಳ ತೆಗೆದರು. ಆ ಸಮಯದಲ್ಲಿ ಅಂಗಳ ಗುಡಿಸುತ್ತಿದ್ದ ಶ್ರೀ ಎಡ್ಸನ್ ಅವರು ಪೊರಕೆಗೆ ಸಿಕ್ಕಿದ ಚೀಟಿಯೊಂದನ್ನು ಎತ್ತಿಹಿಡಿದರು. ಊದಿದ ಒಂದು ನಿಮಿಷದ ಬಳಿಕ ಯಂತ್ರವು ಚೀಟಿಯನ್ನು ಉಗುಳುತ್ತದೆ. ಬೆಳಿಗ್ಗೆ ಎಂಜಲಿನ ಚರ್ಚೆ ನಡೆಯುತ್ತಿದ್ದ ಕಾರಣ ಅದನ್ನು ಯಾರೂ ಗಮನಿಸಿರಲಿಲ್ಲ.

"ಸರ್, ಇದು ನಿಮ್ಮದು ಮಾರಾಯ್ರೆ. ಬೆಳಿಗ್ಗೆ ಏಳೂವರೆದ್ದು. ನಲವತ್ತೊಂದು ಅಂತ ಉಂಟು."

"ಅದು ಮಾದರಿಗೆ ಊದಿದ್ದು. ಲೆಕ್ಕಕ್ಕಿಲ್ಲ, ಕೊಡು ಇಲ್ಲಿ."

"ಮಾದರಿಯೇ ಇಷ್ಟು ಒಳ್ಳೇದುಂಟಲ್ಲ," ಎಂದ ಎಡ್ಸನ್ ಚೀಟಿಯನ್ನು ಕೊಡಲಿಲ್ಲ. "ನಲವತ್ತೊಂದು ಬಂದವರು ಪೆನ್ನು ಮುಟ್ಟುವ ಹಾಗಿಲ್ಲ ಅಂತ ಬೋರ್ಡಲ್ಲಿ ನೀವೇ ಅಂಟಿಸಿದ್ದಲ್ಲವಾ? ಮೂರು ಸಲ ಓದಿದ್ದೇನೆ ನಾನು. ಮೂರು ಸಲ ಒಂದನೇ ದಿನ ಮಾಡಿದವ."

ಪಾಂಡುರಂಗ ಬೆಳಿಗ್ಗೆಯಿಂದ ಮೊದಲ ಬಾರಿ ನಿಂತಲ್ಲೇ ತುಸು ಸಡಿಲಾದರು. "ಆ ಕೊಳವಿಗೆ ಬಾಯಿ ಹಚ್ಚದಿದ್ದದ್ದ ಚೊಲೋ ಆತು ನೋಡ್ರಿ ಸರ. ಹಚ್ಚಿದ್ರ ನಿಮ್ಮ ನಲವತ್ತೊಂದು ನನ್ನ ಹೆಸರಿಗೆ ಬೀಳತಿತ್ತು."

10. ಉದ್ಭವಿಸಿದ ಪರಿಸ್ಥಿತಿಯನ್ನು ವಿಭಾಗವು ಫೋನಿನ ಮೂಲಕ ತುರ್ತಾಗಿ ಪರಿಶೀಲಿಸಿತು.

(ಅ) ಮಾದರಿ ಉಸಿರನ್ನು ಉಸಿರೆಂದು ಪರಿಗಣಿಸಬಾರದು ಎಂಬ ವಾದ ಮೊದಲು ಬಂದಿತು. ಒಪ್ಪಿದಲ್ಲಿ, ಸದರಿ ಯಂತ್ರವು ಯಾರೂ ಊದದೆಯೂ 41 ತೋರಿಸುತ್ತದೆ ಎಂದಾಗುತ್ತದೆ. ಆಗ ಆರು ವರ್ಷಗಳ ಎಲ್ಲ ಪರೀಕ್ಷೆಗಳನ್ನೂ ರದ್ದುಪಡಿಸಬೇಕಾಗುತ್ತದೆ.
(ಆ) ನಮೂನೆಯ ಮೇಲೆ ಪಾಂಡುರಂಗರ ಹೆಸರಿರುವುದರಿಂದ 41 ಅವರದೇ ಎಂಬ ವಾದ ನಂತರ ಬಂದಿತು. ಒಪ್ಪಿದಲ್ಲಿ, ಅವರು ಊದಿದಂತಾಗುತ್ತದೆ. ಊದಿದ ಮೇಲೆ ನಿರಾಕರಿಸಿದ್ದು ಯಾರು ಎಂಬುದಕ್ಕೆ ಬೇರೆ ವ್ಯಕ್ತಿಯನ್ನು ಹುಡುಕಬೇಕಾಗುತ್ತದೆ.
(ಇ) ಪೆನ್ಸಿಲಿನಲ್ಲಿ ಸಹಿ ಮಾಡಬಹುದೇ ಎಂದು ಶ್ರೀ ನಾರಾಯಣಸ್ವಾಮಿಯವರು ವಿಚಾರಿಸಿದರು. ಪೆನ್ಸಿಲ್ ಹುಡುಕಲಾಯಿತು. ಸಿಕ್ಕಿತು. ಮೊನೆ ಮುರಿದಿತ್ತು.

ವಿಭಾಗವು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಗಂಟೆ 5.04 ಆಗಿದ್ದು, ಶ್ರೀ ಪಾಂಡುರಂಗ ಅವರು ನಾಲ್ಕು ನಿಮಿಷಗಳ ಹಿಂದಿನಿಂದ ಕಾಯಂ ಆಗಿರುವುದು ವಿಷಾದದಿಂದ ಗಮನಕ್ಕೆ ಬಂದಿದೆ.

11. ಆದ್ದರಿಂದ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

(ಅ) ಇನ್ನು ಮುಂದೆ ಮಾದರಿ ತೋರಿಸುವ ಅಧಿಕಾರಿಗಳು ಬಾಯಿ ಮುಚ್ಚಿಕೊಂಡು ಊದತಕ್ಕದ್ದು.
(ಆ) "ಎಂಜಲು" ಎಂಬುದನ್ನು ನಿರಾಕರಣೆಗೆ ಸಕಾರಣವೆಂದು ತಾತ್ಕಾಲಿಕವಾಗಿ ಒಪ್ಪಲಾಗಿದೆ. ಈ ಸುತ್ತೋಲೆಯ ಇಂಗ್ಲಿಷ್ ಪ್ರತಿಯಲ್ಲಿ ಆ ಪದದ ಜಾಗವನ್ನು ಖಾಲಿ ಬಿಡಲಾಗಿದ್ದು, ಮೇಲಧಿಕಾರಿಗಳು ತಮ್ಮ ಅನುಭವಕ್ಕೆ ತಕ್ಕಂತೆ ತುಂಬಿಕೊಳ್ಳತಕ್ಕದ್ದು.
(ಇ) ಹಳದಿ ಪಟ್ಟಿಯ ಮೇಲೆ ಒಂಬತ್ತು ಗಂಟೆ ಕಾಲ ನಿಂತದ್ದನ್ನು ಕೆಲಸವೆಂದು ಪರಿಗಣಿಸಲಾಗುವುದಿಲ್ಲ. ಆದರೆ ಅಷ್ಟು ಹೊತ್ತು ಗೇಟಿನಲ್ಲಿ ಯಾವುದೇ ಕಳ್ಳತನ ನಡೆದಿಲ್ಲವೆಂದು ಮೆಚ್ಚುಗೆ ವ್ಯಕ್ತಪಡಿಸಲಾಗಿದೆ.
(ಈ) ಸದರಿ ಪ್ರಕರಣವನ್ನು ಯಾರೂ ಮೇಲ್ಪಂಕ್ತಿಯಾಗಿ ತೆಗೆದುಕೊಳ್ಳತಕ್ಕದ್ದಲ್ಲ.

12. ಮೇಲಿನ 11(ಈ) ಹೊರಡುವ ಮುನ್ನಾದಿನವೇ ಉಲ್ಲಂಘನೆಯಾಗಿರುತ್ತದೆ. ದಿನಾಂಕ 20-10-2025ರ ಸೋಮವಾರ ಬೆಳಿಗ್ಗೆ, ಊದುವ ಯಾವ ಬಾಧ್ಯತೆಯೂ ಇಲ್ಲದ ಶ್ರೀ ಪಾಂಡುರಂಗ ಅವರು ತಾವಾಗಿಯೇ ಕಚೇರಿಗೆ ಬಂದು ಬೀರು ತೆರೆಸಿದರು. ಒಂದು ಹೊಸ ಕೊಳವೆಯ ಕಾಗದವನ್ನು ತಮ್ಮ ಕೈಯಿಂದಲೇ ಹರಿದು ಊದಿದರು. ಸೊನ್ನೆ ಬಂದಿತು. ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೊಳವೆಯನ್ನು ಮತ್ತೊಬ್ಬರ ಕೈಗೆ ಸಿಗದಂತೆ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಅವರು ಹಿಂದಿರುಗಿ ನೋಡುವಷ್ಟರಲ್ಲಿ ಶ್ರೀ ಎಡ್ಸನ್ ಕೈಚಾಚಿ ನಿಂತಿದ್ದರು. ಎಡ್ಸನ್ ಹಿಂದೆ ಬಾಗಿಲಾಚೆಯವರೆಗೂ, ವ್ಯಾನ್ ತೊಳೆಯುವ ಉಳಿದ ಹದಿನೈದು ಮಂದಿ ಸಾಲಾಗಿ ನಿಂತಿದ್ದರು.

ಬೀರುವಿನಲ್ಲಿ ಈಗ 183 ಕೊಳವೆಗಳಿವೆ.

ಸಹಿ/-
ವಿಭಾಗಾಧಿಕಾರಿ
(ಇಂದು ಹಳೆಯ ಕೊಳವೆಯನ್ನೇ ಊದಿ, ಸೊನ್ನೆ ಬಂದ ನಂತರ ಸಹಿ ಮಾಡಲಾಗಿದೆ)

ಪ್ರತಿಗಳು:

1. ಶ್ರೀ ನಾರಾಯಣಸ್ವಾಮಿ, ಪಾಳಿ ಮೇಲ್ವಿಚಾರಕರು. ಕಾಯ್ದಿರಿಸಿದ ಕುರ್ಚಿಯನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ಇವರು ಮಂಗಳವಾರಗಳಂದು ತರಗತಿಯಲ್ಲಿರುತ್ತಾರೆ, ಅಲ್ಲಿಗೇ ತಲುಪಿಸುವುದು. "ವಾರಕ್ಕೆ ಎಷ್ಟು" ಎಂಬ ಅಂಕಣದಲ್ಲಿ ಇವರು "ಸಂದರ್ಭಕ್ಕೆ ತಕ್ಕಂತೆ" ಎಂದು ಬರೆದಿದ್ದು, ಅದರ ಅರ್ಧ ಎಷ್ಟು ಎಂದು ತಿಳಿಸಲು ಕೋರಿದೆ.
2. ಲೆಕ್ಕಪರಿಶೋಧಕರಿಗೆ, 17 ಕೊಳವೆಗಳ ಬಗ್ಗೆ ಕ್ಷಮೆ ಕೋರಿ.
3. ಶ್ರೀ ಎಡ್ಸನ್ ಅವರಿಗೆ. ತಮ್ಮ 180ನೇ ದಿನ 2026ರ ಫೆಬ್ರವರಿ 6, ಶುಕ್ರವಾರ ಎಂದು ಇವರು ಈ ಕಚೇರಿಗೆ ಈಗಾಗಲೇ ಲಿಖಿತವಾಗಿ ನೆನಪಿಸಿರುತ್ತಾರೆ.
4. ಫ್ಲ್ಯಾಟ್ ಏಜೆಂಟರಿಗೆ, ಸೋಮವಾರ ಕೈಯಾರೆ ತಲುಪಿಸಿದ ಪತ್ರವು ಅಸಲಿ ಎಂದು ದೃಢೀಕರಿಸಿ.
5. ಕುಮಾರಿ ಅಂಕಿತಾ, ಕ್ವೀನ್ಸ್‌ಬರಿ. ಕ್ಯಾಲೆಂಡರಿನ ಕೊನೆಯ ಚೌಕವನ್ನು ಹೊಡೆದುಹಾಕಲು ಈ ವಿಭಾಗದ ಅಭ್ಯಂತರವಿಲ್ಲ.
6. ಕಡತಕ್ಕೆ.